ಡ್ಯಾಕ್ ತಗೊಳ್ಳೋಣೋ, ಸ್ಟ್ರೀಮರ್ ತಗೊಳ್ಳೋಣೋ? ಮನೆಯ ಹೈಫೈಗೆ ಡಿಜಿಟಲ್ ಪೆಟ್ಟಿಗೆ ಆರಿಸುವವರಿಗೆ

ಹೋದ ತಿಂಗಳು ಮೂರು ಜನ ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಮೊದಲನೆಯವರು ನಮ್ಮ ಬೆಳಗಾವಿಯ ಟಿಳಕವಾಡಿಯ ನಿವೃತ್ತ ಮಾಸ್ತರು. ಎರಡು ಕಪಾಟು ತುಂಬ ಸಿಡಿ ಇಟ್ಟುಕೊಂಡಿದ್ದಾರೆ, ಬಹುಪಾಲು ಹಿಂದೂಸ್ತಾನಿ. ಅವರ ಹಳೆಯ ಸಿಡಿ ಪ್ಲೇಯರ್ ಈಗ ಡಿಸ್ಕ್ ಓದಲು ಮೊಂಡಾಟ ಮಾಡುತ್ತಿದೆ. ಎರಡನೆಯವನು ವಡಗಾವಿಯ ಗೆಳೆಯ. ಹಾರ್ಡ್ ಡಿಸ್ಕ್ ತುಂಬ ಹಾಡು ಕೂಡಿಹಾಕಿದ್ದಾನೆ. ಮನೆಯ ಗೋಡೆಗೆ ಅಂಟಿಕೊಂಡೇ ಪವರ್‌ಲೂಮ್ ಶೆಡ್ಡು. ಮೂರನೆಯವಳು ನನ್ನ ತಂಗಿಯ ಮಗಳು. ಹಿಂಡಲಗಾ ಕಡೆ ಬಾಡಿಗೆ ಮನೆ, ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಆ್ಯಪಿನ ಚಂದಾ. ಅವಳ ಸಂಗ್ರಹ ಅಂದರೆ ಅಷ್ಟೇ.

ಮೂವರ ಹತ್ತಿರವೂ ಸುಮಾರಾದ ಆಂಪ್ಲಿಫೈಯರ್ ಇದೆ, ಒಂದು ಜೋಡಿ ಸ್ಪೀಕರ್ ಇವೆ. ತೊಡಕು ಇರುವುದು ಅದಕ್ಕೆ ಹಾಡು ಎಲ್ಲಿಂದ ಕೊಡಬೇಕು ಅನ್ನುವುದರಲ್ಲಿ. "ಡ್ಯಾಕ್ ತಗೊಳ್ಳೋಣೇನ್ರಿ, ಸ್ಟ್ರೀಮರ್ ತಗೊಳ್ಳೋಣೇನ್ರಿ?" ಅಂತ ಮಾಸ್ತರು. "ಮಾಮಾ, ಎಲ್ಲಾ ಒಂದ್ರಾಗ ಇರೋದು ಸಿಗೂದಿಲ್ಲೇನು?" ಅಂತ ಹುಡುಗಿ. ಗೆಳೆಯನ ಪ್ರಶ್ನೆ ಇನ್ನೂ ಮುಂದೆ ಹೋಗಿತ್ತು. ಅವನು 32 ಬಿಟ್, 768 ಕಿಲೋಹರ್ಟ್ಸ್ ಅಂತ ಬರೆದಿದ್ದ ಒಂದು ಡಬ್ಬಿಯ ಚಿತ್ರ ಕಳಿಸಿ, "ಇದು ಹೆಂಗ?" ಅಂದ.

ಮೂವರಿಗೂ ನಾನು ಹೇಳಿದ್ದು ಬೇರೆ ಬೇರೆ. ಯಾಕೆ ಅಂತ ಹೇಳಬೇಕಾದರೆ, ಮೊದಲು ಯಾವ ಪೆಟ್ಟಿಗೆ ಏನು ಮಾಡುತ್ತದೆ ಅಂತ ನೋಡಬೇಕು.

ಯಾವುದು ಏನು

ಸಿಡಿಯಲ್ಲಾಗಲಿ ಫೈಲಿನಲ್ಲಾಗಲಿ ಇರುವುದು ಬರೀ ಅಂಕಿಗಳು. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯ ಅಳತೆ ತೆಗೆದು, ಒಂದೊಂದು ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿರುತ್ತಾರೆ. ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಈ ಅಂಕಿಗಳನ್ನು ಡಿಸ್ಕಿನಿಂದ ಎತ್ತಿ ಮುಂದಕ್ಕೆ ಕೊಡುವ ಯಂತ್ರಕ್ಕೆ ಟ್ರಾನ್ಸ್‌ಪೋರ್ಟ್ ಅನ್ನುತ್ತಾರೆ. ಡಿಸ್ಕಿನ ಬದಲು ಇಂಟರ್ನೆಟ್‌ನಿಂದಲೋ ಮನೆಯ ಹಾರ್ಡ್ ಡಿಸ್ಕಿನಿಂದಲೋ ಎಳೆದು ಕೊಟ್ಟರೆ ಅದು ಸ್ಟ್ರೀಮರ್. ಅಂಕಿಗಳನ್ನು ಆಂಪ್ಲಿಫೈಯರ್‌ಗೆ ತಿಳಿಯುವ ವೋಲ್ಟೇಜ್ ಮಾಡುವುದು ಡ್ಯಾಕ್. ಸಿಡಿ ಪ್ಲೇಯರ್‌ನ ಹೊಟ್ಟೆಯಲ್ಲೂ ಡ್ಯಾಕ್ ಇರುತ್ತದೆ. ಟಿವಿಯಲ್ಲೂ ಇರುತ್ತದೆ, ಬ್ಲೂಟೂತ್ ಸ್ಪೀಕರ್‌ನಲ್ಲೂ ಇರುತ್ತದೆ. ಹಾಗಾಗಿ "ನನ್ನ ಹತ್ರ ಡ್ಯಾಕ್ ಇಲ್ಲ" ಅನ್ನುವವರ ಮನೆಯಲ್ಲೂ ಹುಡುಕಿದರೆ ನಾಲ್ಕೈದು ಸಿಗುತ್ತವೆ.

ಹಾಗಾದರೆ ಬೇರೆ ಬೇರೆ ಪೆಟ್ಟಿಗೆ ಯಾಕೆ? ಧ್ವನಿ ಚೆನ್ನಾಗಿರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಕಾರಣ ಆಯುಷ್ಯ. ಒಳ್ಳೆಯ ಆಂಪ್ಲಿಫೈಯರ್ ಮೂವತ್ತು ವರ್ಷ ಆದ ಮೇಲೂ ಕೆಪಾಸಿಟರ್ ಬದಲಿಸಿದರೆ ಹಾಡುತ್ತದೆ. ಸ್ಟ್ರೀಮರ್ ಕತೆ ಹಾಗಲ್ಲ. ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಅನ್ನುವ ಸ್ಟ್ರೀಮರ್ 2015ರಲ್ಲಿ ಬಂತು, 2019ರಲ್ಲಿ ಅದರ ತಯಾರಿಕೆಯೇ ನಿಂತಿತು. ಪುಟ್ಟ ಬಿಲ್ಲೆ, ಒಳ್ಳೆಯ ಸಾಮಾನು, ಆದರೂ ನಾಲ್ಕೇ ವರ್ಷ. ಆ ಕಡೆ ಆ್ಯಪ್ ಬದಲಾದರೆ ಈ ಕಡೆ ಪೆಟ್ಟಿಗೆ ಮೂಕ. ಅದಕ್ಕೇ ನನ್ನ ಲೆಕ್ಕ: ಬೇಗ ಹಳತಾಗುವುದನ್ನು ಅಗ್ಗದಲ್ಲಿ, ಬೇರೆ ಪೆಟ್ಟಿಗೆಯಾಗಿ ಕೊಳ್ಳಬೇಕು. ಬಹಳ ವರ್ಷ ಬಾಳುವುದಕ್ಕೆ ಹಣ ಸುರಿಯಬೇಕು.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ್ದು

ನಿಮ್ಮ ಹಾಡು ಎಲ್ಲಿದೆ? ಇದೇ ಮೊದಲ ಪ್ರಶ್ನೆ. ಸಿಡಿಯಲ್ಲೋ, ಹಾರ್ಡ್ ಡಿಸ್ಕಿನಲ್ಲೋ, ಆ್ಯಪಿನಲ್ಲೋ, ಯೂಟ್ಯೂಬಿನಲ್ಲೋ? ಅರ್ಧ ಉತ್ತರ ಇಲ್ಲೇ ಸಿಕ್ಕಿಬಿಡುತ್ತದೆ.

ಎರಡನೆಯದು, ಹಾಡು ಹಚ್ಚುವವರು ಯಾರು? ನಮ್ಮ ಅವ್ವನಿಗೆ ಬೆಳಿಗ್ಗೆ ಆರಕ್ಕೆ ವಚನ ಕೇಳಬೇಕು. ಸ್ಕ್ರೀನ್ ಇಲ್ಲದ, ಗುಂಡಿ ಇಲ್ಲದ, ಫೋನಿನಿಂದ ಮಾತ್ರ ನಡೆಯುವ ಪೆಟ್ಟಿಗೆ ತಂದಿಟ್ಟರೆ ಅವಳು ಅದನ್ನು ಮುಟ್ಟುವುದೇ ಇಲ್ಲ. ನಾನು ಎದ್ದು ಹಚ್ಚುವ ತನಕ ಕಾಯುತ್ತಾಳೆ, ಇಲ್ಲ ರೇಡಿಯೋ ಹಾಕುತ್ತಾಳೆ. ಗುಂಡಿ, ರಿಮೋಟ್ ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ದಿನಾ ಕೇಳುವ ಮನೆಯಲ್ಲಿ ಅದೇ ದೊಡ್ಡದು.

ಮೂರನೆಯದು ಸಾಕೆಟ್‌ಗಳು. ಟಿವಿಯ ಧ್ವನಿಯೂ ಇದೇ ಸ್ಪೀಕರ್‌ನಲ್ಲಿ ಬರಬೇಕಾದರೆ ಡ್ಯಾಕ್‌ಗೆ ಆಪ್ಟಿಕಲ್ ಇನ್‌ಪುಟ್ ಬೇಕೇ ಬೇಕು, ಇಲ್ಲವೇ ಎಚ್‌ಡಿಎಂಐ ಎಆರ್‌ಸಿ, ಅಂದರೆ ಟಿವಿಯ ಧ್ವನಿಯನ್ನು ಎಚ್‌ಡಿಎಂಐ ವೈರಿನಲ್ಲೇ ಹೊರಗೆ ಕೊಡುವ ಸಾಕೆಟ್. ಸಿಡಿ ಟ್ರಾನ್ಸ್‌ಪೋರ್ಟ್‌ಗೆ ಕೋಆಕ್ಸಿಯಲ್, ಕಂಪ್ಯೂಟರ್‌ಗೆ ಯುಎಸ್‌ಬಿ. ಬರೀ ಯುಎಸ್‌ಬಿ ಇರುವ ಡ್ಯಾಕ್ ಕೊಂಡು ಆಮೇಲೆ ಟಿವಿ ಮುಂದೆ ಕೂತು ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ.

ನಾಲ್ಕನೆಯದು ಕರೆಂಟು ಮತ್ತು ರಿಪೇರಿ. ನಮ್ಮ ಊರಲ್ಲಿ ಇದನ್ನು ಮರೆತು ಕೊಂಡರೆ ಕೆಟ್ಟೆವು. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಫೋನೇ ಸಾಕು ಅನ್ನುವವರಿಗೆ

ಎಲ್ಲಕ್ಕಿಂತ ಅಗ್ಗದ ದಾರಿ ಒಂದು ಡಾಂಗಲ್. ಫೋನಿನ ಟೈಪ್-ಸಿ ತೂತಿಗೆ ಸಿಕ್ಕಿಸುವ ಬೆರಳುದ್ದದ ತುಂಡು, ಅದರೊಳಗೇ ಡ್ಯಾಕ್. ಅಲ್ಲಿಂದ ಒಂದು ವೈರು ಆಂಪ್ಲಿಫೈಯರ್‌ಗೆ. ಒಂದೆರಡು ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಧ್ವನಿ ನಿಜಕ್ಕೂ ಚೆನ್ನಾಗಿರುತ್ತದೆ, ಇದನ್ನು ಹೇಳಲು ಅಂಗಡಿಯವರಿಗೆ ಮನಸ್ಸು ಬರುವುದಿಲ್ಲ ಅಷ್ಟೇ. ಒಂದೇ ವ್ಯತ್ಯಾಸ, ಮನೆಯ ಡ್ಯಾಕ್‌ಗಳು ಸಾಮಾನ್ಯವಾಗಿ 2 ವೋಲ್ಟ್ ಕೊಟ್ಟರೆ ಡಾಂಗಲ್‌ಗಳಲ್ಲಿ ಹಲವು 1 ವೋಲ್ಟ್ ಇಲ್ಲವೇ ಅದಕ್ಕೂ ಕಡಿಮೆ ಕೊಡುತ್ತವೆ. ಆಂಪ್ಲಿಫೈಯರ್‌ನ ವಾಲ್ಯೂಮ್ ಸ್ವಲ್ಪ ಜಾಸ್ತಿ ತಿರುಗಿಸಬೇಕು.

ಕಿರಿಕಿರಿ ಬೇರೆ ಇದೆ. ಫೋನು ಆಂಪ್ಲಿಫೈಯರ್‌ಗೆ ಕಟ್ಟಿಹಾಕಿದ ಎಮ್ಮೆಯ ಹಾಗೆ ಅಲ್ಲೇ ಇರಬೇಕು. ಖ್ಯಾಲು ವಿಲಂಬಿತದಲ್ಲಿ ಮೆಲ್ಲಗೆ ಏರುತ್ತಿರುವಾಗ ಗ್ಯಾಸ್ ಬುಕಿಂಗಿನ ಮೆಸೇಜು ಟ್ಯಾಂಗ್ ಅಂತ ಎರಡೂ ಸ್ಪೀಕರ್‌ನಲ್ಲಿ ಬಡಿಯುತ್ತದೆ.

ಬ್ಲೂಟೂತ್ ರಿಸೀವರ್ ಹಾಕಿದರೆ ವೈರಿನ ಕಾಟ ತಪ್ಪುತ್ತದೆ, ಆದರೆ ಅಂಕಿಗಳನ್ನು ಹಿಂಡಿ ಕಳಿಸುತ್ತದೆ. ಸಿಡಿಯಿಂದ ಸೆಕೆಂಡಿಗೆ 1,411 ಕಿಲೋಬಿಟ್ ಬರುತ್ತದೆ. ಬ್ಲೂಟೂತ್‌ನ ಸಾಮಾನ್ಯ ಎಸ್‌ಬಿಸಿ ವಿಧಾನದಲ್ಲಿ ಹೋಗುವುದು ಸುಮಾರು 328. ಎಲ್‌ಡ್ಯಾಕ್ ಅನ್ನುವ ಇನ್ನೊಂದು ಬ್ಲೂಟೂತ್ ವಿಧಾನ ಇದ್ದರೆ 990ರ ತನಕ, ಅದೂ ಫೋನ್ ಹತ್ತಿರ ಇದ್ದಾಗ. ಮಾತುಕತೆ, ಸಿನಿಮಾ ಹಾಡು, ಅಡುಗೆಮನೆಯ ಕೆಲಸದ ಜೊತೆ ಕೇಳುವುದಕ್ಕೆ ಏನೂ ಕೊರತೆ ಇಲ್ಲ. ಕೂತು ಕೇಳುವವರು ಬೇರೆ ದಾರಿ ನೋಡಿ.

ಸ್ಟ್ರೀಮರ್

ವೀಮ್ ಥರದ ಸಣ್ಣ ಸ್ಟ್ರೀಮರ್‌ಗಳು ಈಗ ಹೆಚ್ಚಾಗಿವೆ. ಇದು ವೈಫೈನಿಂದ ಹಾಡನ್ನು ತಾನೇ ಎಳೆದುಕೊಳ್ಳುತ್ತದೆ, ಫೋನು ಬರೀ ರಿಮೋಟ್. ಫೋನು ಜೇಬಿಗೆ ಹಾಕಿಕೊಂಡು ಖಡೇಬಜಾರಕ್ಕೆ ಹೋದರೂ ಮನೆಯಲ್ಲಿ ಹಾಡು ನಿಲ್ಲುವುದಿಲ್ಲ. ಒಳಗೇ ಒಂದು ಡ್ಯಾಕ್ ಇರುತ್ತದೆ, ಹಿಂದೆ ಆಪ್ಟಿಕಲ್ ಔಟ್‌ಪುಟ್ಟೂ ಇರುತ್ತದೆ. ಈ ಔಟ್‌ಪುಟ್ ಇರುವುದನ್ನೇ ಕೊಳ್ಳಿ. ಮುಂದೆಂದಾದರೂ ಬೇರೆ ಡ್ಯಾಕ್ ಬೇಕೆನಿಸಿದರೆ ಸ್ಟ್ರೀಮರ್ ಮೂಲೆಗೆ ಹೋಗುವುದಿಲ್ಲ.

ಮೊದಲು ನೋಡಬೇಕಾದ್ದು ಒಂದೇ: ನೀವು ಚಂದಾ ಕೊಡುವ ಆ್ಯಪ್ ಆ ಪೆಟ್ಟಿಗೆಯ ಜೊತೆ ನೇರವಾಗಿ ಮಾತಾಡುತ್ತದೆಯೇ? ಆಡದಿದ್ದರೆ ಕೊನೆಗೆ ಬ್ಲೂಟೂತ್‌ನಲ್ಲೇ ಕೊಡಬೇಕಾಗುತ್ತದೆ. ಅದಕ್ಕೆ ಇಷ್ಟು ದುಡ್ಡು ಬೇಕಾಗಿರಲಿಲ್ಲ ಅಲ್ವಾ?

ರಾಸ್ಪ್‌ಬೆರಿ ಪೈ ಹಾದಿಯೂ ಇದೆ. 2012ರಿಂದ ಸಿಗುತ್ತಿರುವ ಈ ಅಂಗೈಯಗಲದ ಕಂಪ್ಯೂಟರ್‌ಗೆ ವೊಲ್ಯೂಮಿಯೋ ಅಥವಾ ಮೂಡ್ ಅನ್ನುವ ತಂತ್ರಾಂಶ ಹಾಕಿ, ಯುಎಸ್‌ಬಿ ಡ್ಯಾಕ್ ಜೋಡಿಸಿದರೆ ಒಳ್ಳೆಯ ಸ್ಟ್ರೀಮರ್ ರೆಡಿ. ಹಾರ್ಡ್ ಡಿಸ್ಕ್ ತುಂಬ ಫೈಲ್ ಇರುವವರಿಗೆ ಇದಕ್ಕಿಂತ ಹೇಳಿ ಮಾಡಿಸಿದ್ದು ಇಲ್ಲ. ಆದರೆ ಇದಕ್ಕೆ ಕೈ ಕೆದಕುವ ಚಟ ಇರಬೇಕು. ಕರೆಂಟು ಪಟಕ್ಕನೆ ಹೋದರೆ ಮೆಮೊರಿ ಕಾರ್ಡಿನಲ್ಲಿ ಬರೆದದ್ದು ಕೆಡಬಹುದು. ನನ್ನದು ಎರಡು ಸಲ ಕೆಟ್ಟಿದೆ. ಈಗ ಅದೇ ಕಾರ್ಡಿನ ನಕಲು ಒಂದನ್ನು ಸಾಸಿವೆ ಡಬ್ಬಿಯಷ್ಟು ಚಿಕ್ಕ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಅವ್ವನಿಗೆ, ಮಾಸ್ತರಿಗೆ ಇದನ್ನು ನಾನು ಹೇಳುವುದಿಲ್ಲ.

ಲ್ಯಾಪ್‌ಟಾಪಿಗೆ ಡ್ಯಾಕ್ ಜೋಡಿಸಿ ಕೇಳುವುದೂ ಒಂದು ದಾರಿ. ಮೇಜಿನ ಮುಂದೆ ಕೂರುವವರಿಗೆ ಸರಿ. ಹಾಲ್‌ನಲ್ಲಿ ಫ್ಯಾನಿನ ಗುರ್ ಅನ್ನುವ ಸದ್ದಿನ ಜೊತೆ ಯಾರು ಕೇಳುತ್ತಾರೆ? ಇನ್ನು ಆಂಪ್ಲಿಫೈಯರ್, ಡ್ಯಾಕ್, ಸ್ಟ್ರೀಮರ್ ಎಲ್ಲ ಸೇರಿದ ಒಂದೇ ಪೆಟ್ಟಿಗೆ, ನಮ್ಮ ಹುಡುಗಿ ಕೇಳಿದ್ದು, ಖಂಡಿತ ಸಿಗುತ್ತದೆ. ಜಾಗ ಕಡಿಮೆ, ವೈರು ಕಡಿಮೆ. ಆದರೆ ಒಂದು ಭಾಗ ಹೋದರೆ ಇಡೀ ಪೆಟ್ಟಿಗೆ ಕೊರಿಯರ್ ಹತ್ತುತ್ತದೆ.

ಅಟ್ಟದ ಮೇಲಿನ ಡಿವಿಡಿ ಪ್ಲೇಯರ್

ಸಿಡಿ ಇರುವವರಿಗೆ ಹೊಸ ಟ್ರಾನ್ಸ್‌ಪೋರ್ಟ್ ಕೊಳ್ಳುವ ಆಸೆ ಸಹಜ. ಅದರ ಬೆಲೆ ನೋಡಿದರೆ ಆಸೆ ಇಳಿಯುತ್ತದೆ. ಕೊಳ್ಳುವ ಮುನ್ನ ಒಮ್ಮೆ ಅಟ್ಟ ಹತ್ತಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಒಂದು ಡಿವಿಡಿ ಪ್ಲೇಯರ್ ಧೂಳು ತಿನ್ನುತ್ತಾ ಕೂತಿರುತ್ತದೆ. ಅದರ ಬೆನ್ನು ನೋಡಿ. ಕೆಂಪು, ಬಿಳಿ, ಹಳದಿ ಸಾಕೆಟ್‌ಗಳ ಪಕ್ಕದಲ್ಲಿ ಇನ್ನೊಂದು ಇರಬಹುದು, ಹೆಚ್ಚಾಗಿ ಕಿತ್ತಳೆ ಬಣ್ಣದ್ದು, ಕೋಆಕ್ಸಿಯಲ್ ಅಂತ ಬರೆದಿರುತ್ತದೆ. ಅದೇ ಡಿಜಿಟಲ್ ಔಟ್‌ಪುಟ್. ಅಂದರೆ ಅದು ಟ್ರಾನ್ಸ್‌ಪೋರ್ಟ್ ಆಗಿ ಕೆಲಸ ಮಾಡುತ್ತದೆ.

ಮಾಸ್ತರ ಮನೆಯಲ್ಲಿ ಸಿಕ್ಕಿದ್ದು ಅಂಥದ್ದೇ. ಒದ್ದೆ ಬಟ್ಟೆಯಲ್ಲಿ ಒರೆಸಿ ಕೆಳಗೆ ಇಳಿಸಿದೆವು. ಕೋಆಕ್ಸಿಯಲ್ ಕೇಬಲ್ 75 ಓಮ್‌ದು ಆಗಿರಬೇಕು. ಹಳೆಯ ಟಿವಿಗೆ ಹಾಕುತ್ತಿದ್ದ ಹಳದಿ ಪಿನ್ನಿನ ವೀಡಿಯೋ ವೈರು ಇರುತ್ತದಲ್ಲ, ಅದಕ್ಕೂ ಇದೇ ಅಳತೆ. ಅದನ್ನೇ ನನ್ನ ಡ್ಯಾಕ್‌ಗೆ ಸಿಕ್ಕಿಸಿದೆ. ಹಾಡು ಬರಲಿಲ್ಲ. ಮಾಸ್ತರು ನನ್ನ ಮುಖ ನೋಡಿದರು. ಡಿವಿಡಿ ಪ್ಲೇಯರನ್ನು ಟಿವಿಗೆ ಒಮ್ಮೆ ಜೋಡಿಸಿ ಸೆಟ್ಟಿಂಗ್ಸ್‌ಗೆ ಹೋದರೆ, ಡಿಜಿಟಲ್ ಔಟ್‌ಪುಟ್ ಅನ್ನುವುದನ್ನು ಯಾರೋ ಆಫ್ ಮಾಡಿಟ್ಟಿದ್ದರು. ಪಿಸಿಎಂ, ಅಂದರೆ ಹಿಂಡದ ಬರೀ ಅಂಕಿಗಳು, ಅಂತ ಆರಿಸಿದ ಮೇಲೆ ತಂಬೂರಿ ಶುರುವಾಯಿತು. ಟಿವಿಯ ಆಪ್ಟಿಕಲ್ ವೈರು ಹಾಕಿದಾಗಲೂ ಇದೇ ಎಚ್ಚರ ಬೇಕು. ಅಲ್ಲಿ ಡಾಲ್ಬಿ ಅಂತ ಇದ್ದರೆ ಎರಡು ಚಾನೆಲ್‌ನ ಡ್ಯಾಕ್‌ನಿಂದ ಹಾಡು ಬರುವುದಿಲ್ಲ. ಪಿಸಿಎಂ ಮಾಡಿ.

ಸಿಡಿಗಳನ್ನು ಕಂಪ್ಯೂಟರ್‌ನಲ್ಲಿ ಫ್ಲ್ಯಾಕ್ ಫೈಲಾಗಿ ಇಳಿಸಿಕೊಳ್ಳುವುದು ಇನ್ನೊಂದು ಉಪಾಯ. ಫ್ಲ್ಯಾಕ್‌ನಲ್ಲಿ ಒಂದು ಅಂಕಿಯೂ ಕಳೆಯುವುದಿಲ್ಲ. ಒಂದು ಸಿಡಿಗೆ ಸುಮಾರು 300 ಎಂಬಿ ಹಿಡಿಯಿರಿ, 400 ಸಿಡಿ ಅಂದರೂ 120 ಜಿಬಿ. ಆದರೆ ಕೂತು ಇಳಿಸಲು ತಾಳ್ಮೆ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಸಿಡಿಯ ಮೇಲೂ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಅಪರೂಪದವನ್ನಾದರೂ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಡಬ್ಬಿಯ ಮೇಲಿನ ಅಂಕಿ

ಈಗ ಗೆಳೆಯನ 768ಕ್ಕೆ, ಅಂದರೆ ಸೆಕೆಂಡಿಗೆ 7,68,000 ಸಲದ ಅಳತೆಗೆ ಬರೋಣ. ಸೆಕೆಂಡಿಗೆ 44,100 ಸಲ ಅಳತೆ ತೆಗೆದರೆ ಅದರ ಅರ್ಧ, ಅಂದರೆ 22,050 ಹರ್ಟ್ಸ್ ತನಕದ ಧ್ವನಿ ಹಿಡಿಯಬಹುದು. ಎಳೆಯ ಕಿವಿಗೆ ಕೇಳುವುದೇ 20,000 ತನಕ. ನಮ್ಮ ವಯಸ್ಸಿಗೆ ಅದೂ ಇಲ್ಲ. 16 ಬಿಟ್‌ನಲ್ಲಿ ಅತಿ ಮೆಲ್ಲಗಿನ ಮತ್ತು ಅತಿ ಜೋರಿನ ಧ್ವನಿಯ ನಡುವೆ ಸುಮಾರು 96 ಡೆಸಿಬಲ್ ಅಂತರ ಸಿಗುತ್ತದೆ. ಪಕ್ಕದಲ್ಲಿ ಮಗ್ಗಗಳು ಕಟಕಟ ಅನ್ನುತ್ತಿರುವ ಮನೆಯಲ್ಲಿ ಇದರ ಅರ್ಧವನ್ನೂ ಅನುಭವಿಸಲು ಆಗುವುದಿಲ್ಲ. ರೆಕಾರ್ಡಿಂಗ್ ಮಾಡುವವರಿಗೆ 24 ಬಿಟ್ ಬೇಕು, ಕೇಳುವವರಿಗೆ ಅದು ಕೊಸರು.

ನಾವು ಕೇಳುವ ಹಳೆಯ ಧ್ವನಿಮುದ್ರಣಗಳನ್ನೂ ನೆನಪಿಡಿ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಕಾಲದವರು ಎಳೆಯ ವಯಸ್ಸಿನಲ್ಲಿ ಹಾಡಿದ್ದು 78 ಆರ್‌ಪಿಎಂ ತಟ್ಟೆಗಳಿಗೆ. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ, ಹಿಂದೆ ಸರಸರ ಸದ್ದು. ಅದನ್ನು ಎಷ್ಟು ದೊಡ್ಡ ಅಂಕಿಯ ಡ್ಯಾಕ್‌ಗೆ ಹಾಕಿದರೂ ಸರಸರವೇ ಇನ್ನಷ್ಟು ಸ್ಪಷ್ಟ ಕೇಳೀತು.

ಚಿಪ್ಪಿನ ಹೆಸರಿಗೂ ಮರುಳಾಗಬೇಡಿ. 2020ರ ಅಕ್ಟೋಬರ್‌ನಲ್ಲಿ ಜಪಾನಿನ ಎಕೆಎಂ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಆ ಚಿಪ್ ಸಿಗದೆ ಹಲವು ಕಂಪನಿಗಳು ಬೇರೆ ಚಿಪ್ ಹಾಕಿ ಡ್ಯಾಕ್ ಮಾಡಿದವು. ಧ್ವನಿಯನ್ನು ನಿರ್ಧರಿಸುವುದು ಚಿಪ್ಪೊಂದೇ ಅಲ್ಲ, ಅದರ ಸುತ್ತಲಿನ ಸರ್ಕಿಟ್ಟು, ಕರೆಂಟ್ ಪೂರೈಕೆಯೂ ಹೌದು.

ಎರಡು ಡ್ಯಾಕ್ ಹೋಲಿಸಬೇಕಾದರೆ ನಾನು ತಂಬೂರಿ ಕೇಳುತ್ತೇನೆ. ನಮ್ಮ ಪಕ್ಕದ ಮಿರಜದಲ್ಲಿ ತಂಬೂರಿ ಮಾಡುವವರು ತಂತಿಯ ಕೆಳಗೆ ಒಂದು ನೂಲೆಳೆ ಸರಿಸಿ ಸರಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ಕೂಡಿಸುತ್ತಾರೆ. ಎಳೆ ಒಂದಿಷ್ಟು ಜರುಗಿದರೂ ಝೇಂಕಾರ ಬದಲಾಗುತ್ತದೆ. ಆ ಝೇಂಕಾರದ ಪದರಗಳು ಬಿಡಿಬಿಡಿಯಾಗಿ ಕೇಳುತ್ತವೋ ಕಲಸಿದ ಹಾಗೆ ಕೇಳುತ್ತವೋ ನೋಡಿ. ಆದರೆ ಎರಡರ ಜೋರೂ ಒಂದೇ ಇರಬೇಕು. ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಕಿವಿ ಅದನ್ನೇ "ಚಲೋ ಐತಿ" ಅನ್ನುತ್ತದೆ. ಫೋನಿನ ಸೌಂಡ್ ಮೀಟರ್‌ನಲ್ಲಿ ಸರಿಮಾಡಿಕೊಂಡು, ಯಾವುದು ಹಚ್ಚಿದ್ದಾರೆ ಅಂತ ನಿಮಗೆ ಗೊತ್ತಾಗದ ಹಾಗೆ ಮನೆಯವರಿಂದ ಬದಲಾಯಿಸಿಕೊಳ್ಳಿ. ನಾನು ಹೀಗೆ ಮಾಡಿದಾಗ ನನ್ನ ದುಬಾರಿ ಡ್ಯಾಕ್ ಮತ್ತು ಅದರ ಕಾಲು ಬೆಲೆಯದನ್ನು ಗುರುತಿಸಲು ಆಗಲಿಲ್ಲ. ಹೆಂಡತಿ ಇದನ್ನು ಇನ್ನೂ ಮರೆತಿಲ್ಲ.

ಕರೆಂಟು, ಅರ್ಥಿಂಗು, ಗುಡುಗು

ಟಿವಿ ಜೋಡಿಸಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಬಂದರೆ ಡ್ಯಾಕ್‌ನ ತಪ್ಪಲ್ಲ. ಕೇಬಲ್ ಟಿವಿ ವೈರಿನ ಅರ್ಥಿಂಗೂ ಮನೆಯ ಅರ್ಥಿಂಗೂ ಎರಡು ದಾರಿಯಾಗಿ ಸುತ್ತು ಬೀಳುವುದರಿಂದ ಹೀಗಾಗುತ್ತದೆ. ಟಿವಿಯಿಂದ ಆಪ್ಟಿಕಲ್ ವೈರು ಹಾಕಿ. ಅದರಲ್ಲಿ ಹರಿಯುವುದು ಬೆಳಕು, ಕರೆಂಟಲ್ಲ. ಗುಂಯ್ ಅಲ್ಲಿಗೇ ನಿಲ್ಲುತ್ತದೆ. ಹಳೆಯ ಮನೆಗಳಲ್ಲಿ ಅರ್ಥಿಂಗೇ ಸತ್ತಿರುತ್ತದೆ. ಹಿತ್ತಲಿನಲ್ಲಿ ಉಪ್ಪು, ಇದ್ದಿಲು ಹಾಕಿ ಹೂತ ಗುಂಡಿ ಬೇಸಿಗೆಯಲ್ಲಿ ಒಣಗಿ ಹೋಗುತ್ತದೆ. ಎಲೆಕ್ಟ್ರಿಷಿಯನ್ ಕರೆದು ಒಮ್ಮೆ ನೋಡಿಸಿ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ.

ಇನ್ವರ್ಟರ್ ಇದ್ದರೆ ಅದು ಸೈನ್ ವೇವ್‌ದೇ ಅಂತ ನೋಡಿಕೊಳ್ಳಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ ಜೇನುಹುಳದ ಹಾಗೆ ಗುಂಯ್‌ಗುಡುತ್ತದೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಪಿನ್ನು ಕಿತ್ತಿಡಿ, ಲ್ಯಾನ್ ವೈರನ್ನೂ ಸೇರಿಸಿ. ಒಂದು ಮೇ ತಿಂಗಳ ಸಂಜೆ ಪ್ಲಗ್ ಮಾತ್ರ ಕಿತ್ತು ಲ್ಯಾನ್ ಮರೆತೆ. ಮಿಂಚು ರೂಟರ್ ಮೂಲಕ ಬಂದು ಸ್ಟ್ರೀಮರನ್ನೂ ಅದಕ್ಕೆ ಕಟ್ಟಿದ್ದ ಡ್ಯಾಕನ್ನೂ ಸುಟ್ಟಿತು. ಮಾರಿದವರು ಮಿಂಚಿಗೆ ವಾರಂಟಿ ಇಲ್ಲ ಅಂದರು. ಬೇರೆ ಕಡೆ ರಿಪೇರಿಗೆ ಕಳಿಸಿ ಎರಡು ತಿಂಗಳು ಕಾದೆ. ಅಂದಿನಿಂದ ನನ್ನದು ವೈಫೈ. ಇನ್ನೊಂದು ಪಾಠವೂ ಕಲಿತೆ. ಸಾಮಾನ್ಯ 5 ಅಥವಾ 12 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುವ ಪೆಟ್ಟಿಗೆಯನ್ನೇ ಈಗ ಕೊಳ್ಳುತ್ತೇನೆ. ಬಹಳ ಸಲ ಮೊದಲು ಸಾಯುವುದು ಅಡಾಪ್ಟರ್. ವೋಲ್ಟ್, ಆಂಪಿಯರ್, ಪಿನ್ನಿನ ಪ್ಲಸ್ ಮೈನಸ್ ಸರಿಯಾಗಿ ನೋಡಿಕೊಂಡರೆ ಹೊಸದು ಊರಲ್ಲೇ ಸಿಗುತ್ತದೆ.

ದುಡ್ಡು ಎಲ್ಲಿ ಹಾಕಬೇಕು

ನೂರು ರೂಪಾಯಿ ಇದ್ದರೆ ಐವತ್ತು ಸ್ಪೀಕರ್‌ಗೆ, ಮೂವತ್ತು ಆಂಪ್ಲಿಫೈಯರ್‌ಗೆ, ಇಪ್ಪತ್ತು ಡಿಜಿಟಲ್ ಕಡೆಗೆ. ಇದು ನನ್ನ ಲೆಕ್ಕ, ಬೇರೆಯವರು ಜಗಳಕ್ಕೆ ಬರಬಹುದು. ಒಟ್ಟು ಬಜೆಟ್ 40,000 ಆದರೆ ಡಿಜಿಟಲ್‌ಗೆ 8,000. ಅದರಲ್ಲಿ ಸ್ಟ್ರೀಮರ್ ಒಂದೋ, ಸಾಧಾರಣ ಡ್ಯಾಕ್ ಒಂದೋ ಬರುತ್ತದೆ. ಎರಡೂ ಬೇಡ. ಒಂದೂವರೆ ಲಕ್ಷ ಇರುವವರಿಗೆ 30,000 ಸಿಗುತ್ತದೆ, ಅವರು ಎರಡನ್ನೂ ಬೇರೆ ಬೇರೆ ಕೊಂಡು, ಡ್ಯಾಕ್‌ನಲ್ಲಿ ಆಪ್ಟಿಕಲ್, ಕೋಆಕ್ಸಿಯಲ್, ಯುಎಸ್‌ಬಿ ಮೂರೂ ಇರುವುದನ್ನು ಆರಿಸಬಹುದು. ಹಂಚಿನ ಮನೆಯ ಬರಿಗೋಡೆ ಹಾಲ್‌ನಲ್ಲಿ ಧ್ವನಿ ಕಚಪಚ ಅನ್ನಿಸಿದರೆ ಮೊದಲು ಒಂದು ದಪ್ಪ ಜಮಖಾನೆ ಹಾಸಿ, ಪರದೆ ಕಟ್ಟಿ. ಯಾವ ಡ್ಯಾಕೂ ಆ ಕೆಲಸ ಮಾಡುವುದಿಲ್ಲ.

ಮಾಸ್ತರು ಕೊನೆಗೆ ಕೊಂಡದ್ದು ಕೋಆಕ್ಸಿಯಲ್, ಆಪ್ಟಿಕಲ್ ಎರಡೂ ಇರುವ, ಮುಂದೆ ವಾಲ್ಯೂಮ್ ಗುಂಡಿ ಇರುವ ಸಣ್ಣ ಡ್ಯಾಕ್. ಡಿವಿಡಿ ಪ್ಲೇಯರ್‌ಗೆ ಒಂದು, ಟಿವಿಗೆ ಒಂದು. ಹುಡುಗಿ ಸ್ಟ್ರೀಮರ್ ತಗೊಂಡಳು, ಬಾಡಿಗೆ ಮನೆ ಬದಲಿಸಿದರೆ ಕೈಚೀಲದಲ್ಲಿ ಒಯ್ಯಬಹುದು ಅಂತ. ವಡಗಾವಿಯ ಗೆಳೆಯನಿಗೆ ಪೈ ಮತ್ತು ಒಂದು ಯುಎಸ್‌ಬಿ ಡ್ಯಾಕ್ ಸಾಕು ಅಂದೆ. ಅವನು 768ರ ಡಬ್ಬಿಯನ್ನೇ ಬುಕ್ ಮಾಡಿದ್ದಾನೆ. ಮಗ್ಗ ನಿಂತ ಮೇಲೆ ರಾತ್ರಿ ಬಂದು ಕೇಳಬೇಕಂತೆ.